ಕೊನೆಯ ಪದ

ಚಿಯಾತುರಾದಲ್ಲಿ ಚಳಿಗಾಲಕ್ಕೆ ಐದೂವರೆಗೇ ಕತ್ತಲೆ.
ಮ್ಯಾಂಗನೀಸ್ ತೊಳೆದ ನೀರು ಕುಡಿದ ಕ್ವಿರಿಲಾ
ಯಾರ ಗೊಡವೆಯೂ ಇಲ್ಲದೆ, ಕರ್ರಗೆ,
ಶಾಲೆಯ ಬೆನ್ನಿಗೆ ಹರಿಯುತ್ತದೆ.
ರಾತ್ರಿ ತರಗತಿಗೆ ಬರುವವರು ಮೂವರು,
ಸೌದೆ ತರುವವರು ಇಬ್ಬರು.
ತರದವನು ಜ್ವಿಯಾದ್. ಒಲೆಗೆ ಅಂಟಿ ಕೂರುವವನೂ ಅವನೇ.

ಹಲಗೆಯ ಮೇಲೆ ಬರೆದೆ:
ಹನ್ನೆರಡು ಎಕ್ಸ್ ಘನ, ಕೂಡು ಎಂಟು ಎಕ್ಸ್ ವರ್ಗ,
ಕೂಡು ನಾಲ್ಕು ಎಕ್ಸ್.
ಕೆಳಗೊಂದು ಗೆರೆ, ಹೊಸ್ತಿಲಷ್ಟು ಉದ್ದ.
ಗೆರೆಯ ಕೆಳಗೆ, ಒಂಟಿಯಾಗಿ,
ನಾಲ್ಕು ಎಕ್ಸ್.

‘ಬಡಿಸುವವನು ಒಬ್ಬನೇ,’ ಅಂದೆ.
‘ಸಾಲಿನಲ್ಲಿ ಕೂತವರು ಮೂವರು.
ಮೊದಲನೆಯವನಿಗೆ ಬಡಿಸಿ
ಸೌಟು ತೊಳೆದಿಡುವಂತಿಲ್ಲ.
ಎಲ್ಲಿ ನಡೆದರೂ ಬೀಜಗಣಿತದಲ್ಲಿ
ಪಂಕ್ತಿಭೇದ ನಡೆಯುವುದಿಲ್ಲ.’

ಏತೆರಿ ನಕ್ಕಳು. ಬೆಳಗಿನ ಮೂರಕ್ಕೆದ್ದು
ಮಣ್ಣೊಲೆಯ ಒಳಗೋಡೆಗೆ
ದೋಣಿಯಂಥ ರೊಟ್ಟಿ ಬಡಿಯುವವಳು;
ಹುಬ್ಬಿನಲ್ಲಿ ಇನ್ನೂ ಹಿಟ್ಟು.
‘ಒಂದೇ ಉಂಡೆಗೆ ಉಪ್ಪು ಹಾಕಿದರೆ
ಊರು ನನ್ನನ್ನು ಬಿಟ್ಟೀತೆ ಟೀಚರ್?’
ಎದ್ದು ಬಂದು ಬರೆದಳು:
ಹನ್ನೆರಡರಲ್ಲಿ ನಾಲ್ಕು ಮೂರು ಸಲ,
ಘನ ಒಂದು ಮೆಟ್ಟಿಲಿಳಿದರೆ ವರ್ಗ.
ಎಂಟರಲ್ಲಿ ಎರಡು ಸಲ,
ವರ್ಗ ಇಳಿದರೆ ಬರಿಯ ಎಕ್ಸ್.
‘ಉಳಿದದ್ದು ನುಗ್ಜರ್ ಮಾಡಲಿ’ ಎಂದು
ಬೆಂಚಿಗೆ ತಲೆಯಾನಿಸಿ ನಿದ್ದೆಹೋದಳು.

ನುಗ್ಜರ್ ನನಗಿಂತ ಎರಡು ವರ್ಷ ದೊಡ್ಡವನು.
ಎಂಟನೆಯ ತರಗತಿಗೆ ಅವನು ಶಾಲೆ ಬಿಟ್ಟಾಗ
ಅವನ ಬೆಂಚು ನನ್ನ ಪಾಲಿಗೆ ಬಂದಿತ್ತು,
ಚಾಕುವಿನಿಂದ ಕೆತ್ತಿದ ಹೆಸರಿನ ಸಮೇತ.
ಮೂವತ್ತೊಂದು ವರ್ಷ ತಂತಿಯ ಮೇಲೆ
ಗಣಿಯವರನ್ನು ಕಣಿವೆ ದಾಟಿಸಿದ.
ಕಬ್ಬಿಣದ ಡಬ್ಬಿ, ಒಂದೇ ಒಂದು ದುಂಡು ಕಿಟಕಿ.
ಡಬ್ಬಿ ಈಗ ಗುಜರಿಗೆ ಹೋಗಿದೆ.
ಹೊಸ ಗಾಜಿನ ಡಬ್ಬಿ ನಡೆಸಲು
ಹತ್ತನೆಯ ತರಗತಿಯ ಕಾಗದ ಬೇಕಂತೆ.

ಮೇಲೆ ನಾಲ್ಕು ಎಕ್ಸ್, ಕೆಳಗೆ ನಾಲ್ಕು ಎಕ್ಸ್.
ಎರಡನ್ನೂ ಒಂದೊಂದೇ ಗೀಟಿಗೆ ಹೊಡೆದುಹಾಕಿ
ದೊಡ್ಡದಾಗಿ ಬರೆದ: ಸೊನ್ನೆ.
‘ತನ್ನನ್ನು ತಾನೇ ತಿಂದ ಮೇಲೆ
ಉಳಿಯುವುದಾದರೂ ಏನು ಲಮ್ಜೀರಾ?’

‘ನೀನು ಕಳೆದೆ ನುಗ್ಜರ್.
ನಾನು ಹೇಳಿದ್ದು ಭಾಗಿಸು ಎಂದು.
ನಾಲ್ಕು ಸೀಟು, ನಾಲ್ಕು ಜನ. ತಲೆಗೆಷ್ಟು?’
‘ಒಂದು.’
‘ನಲವತ್ತು ಸೀಟು, ನಲವತ್ತು ಜನ?’
‘ಒಂದು.’
‘ಎಷ್ಟು ಅಂತಲೇ ಗೊತ್ತಿಲ್ಲ, ಆದರೆ ಅಷ್ಟಕ್ಕಷ್ಟೇ?’
ತುಸು ತಡೆದು, ‘ಆಗಲೂ ಒಂದು’ ಅಂದ.
ಮತ್ತೆ ಕೇಳಿದ, ‘ಯಾರೂ ಬರದ ದಿನ?’

‘ಆ ದಿನ ಗೆರೆಯನ್ನೇ ಎಳೆಯಬಾರದು.
ಕೆಳಗೆ ಸೊನ್ನೆ ಕೂತರೆ ಭಾಗಾಕಾರವೇ ಇಲ್ಲ.’
‘ಅಂಥ ದಿನವೂ ನಡೆಸಿದ್ದೇನೆ,’ ಅಂದ.
‘ಖಾಲಿ ಡಬ್ಬಿ. ಹೋದೆ, ಬಂದೆ.
ತಂತಿಗೆ ಹಿಮ ಕಟ್ಟಬಾರದಲ್ಲ.’

ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ.
ನಾನು ಎದ್ದು ಹೋಗಿ
ಬಾಗಿಲ ಸಂದಿಗೆ ಹಳೆಯ ಕೋಟು ತುರುಕಿದೆ.
ತಿರುಗಿ ನೋಡಿದರೆ
ಅಂಗಿಯ ತೋಳಿನಿಂದ ಸೊನ್ನೆ ಒರೆಸುತ್ತಿದ್ದ.
ಪೂರ್ತಿ ಹೋಗಲಿಲ್ಲ; ಆ ಹಲಗೆಯ ಗುಣವೇ ಹಾಗೆ.
ಅದರ ಮೇಲೆಯೇ ಒಂದು ಬರೆದ, ಕಂಬದಂತೆ ನೆಟ್ಟಗೆ.
ಒತ್ತಿದ ರಭಸಕ್ಕೆ ಸೀಮೆಸುಣ್ಣ ಮುರಿಯಿತು.

ಮಸುಕು ಮಸುಕು ದುಂಡು ಕಿಟಕಿ.
ಒಳಗೆ ನಿಂತ ಒಬ್ಬ ಆಳು.

ಜ್ವಿಯಾದ್ ಒಲೆಗೆ ಕೊನೆಯ ಕೊರಡು ಹಾಕಿದ.
ಸದ್ದಿಗೆ ಏತೆರಿ ಎಚ್ಚರಾಗಿ ಕೇಳಿದಳು,
‘ಮುಗಿಯಿತಾ?’
‘ಒಂದು ಉಳಿದಿತ್ತು,’ ಅಂದ ನುಗ್ಜರ್,
ಬೆರಳಿನ ಸುಣ್ಣ ಒರೆಸಿಕೊಳ್ಳದೆ.